ಹದಿಹರೆಯದವರ ಸ್ವಯಂಸೇವೆ: ಹಾಸನದ ಮಕ್ಕಳು, ಅಪ್ಪ-ಅಮ್ಮಂದಿರು ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನ ಜಿಲ್ಲೆಯಲ್ಲಿ ಹೈಸ್ಕೂಲು, ಪಿಯುಸಿ ಮಕ್ಕಳನ್ನು ಸೇವೆಯ ಕೆಲಸಕ್ಕೆ ಕರೆದುಕೊಂಡು ಹೋಗುವ ಮೇಷ್ಟ್ರುಗಳಲ್ಲಿ ನಾನೂ ಒಬ್ಬ. ಪ್ರತಿ ಜೂನ್‌ನಲ್ಲೂ ಅವೇ ಪ್ರಶ್ನೆಗಳು ಬರುತ್ತವೆ. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳುವ ಬದಲು ಇಲ್ಲಿ ಬರೆದಿಟ್ಟಿದ್ದೇನೆ. ಕೆಲವು ಪ್ರಶ್ನೆ ಮಕ್ಕಳದು, ಜಾಸ್ತಿ ಅಪ್ಪ-ಅಮ್ಮಂದಿರದು.

ಸ್ವಯಂಸೇವೆ ಅಂದ್ರೆ ಕಸ ಗುಡಿಸೋದು, ಗಿಡ ನೆಡೋದು ಅಷ್ಟೇನಾ?

ಅಷ್ಟೇ ಅಲ್ಲ. ಯಾರ ಬಲವಂತವೂ ಇಲ್ಲದೆ, ದುಡ್ಡು ತಗೊಳ್ಳದೆ, ಮನೆಯವರಲ್ಲದವರಿಗೆ ಉಪಯೋಗ ಆಗುವಂಥ ಕೆಲಸ ಮಾಡಿದರೆ ಅದು ಸ್ವಯಂಸೇವೆ. ಚಿಕ್ಕ ಮಕ್ಕಳಿಗೆ ಕಥೆ ಓದಿ ಹೇಳುವುದು, ಪೋಸ್ಟ್ ಆಫೀಸಿನಲ್ಲಿ ಅಜ್ಜಿಯೊಬ್ಬರಿಗೆ ಫಾರಂ ತುಂಬಿಕೊಡುವುದು, ಕೆರೆಯ ಹಕ್ಕಿ ಎಣಿಸುವುದು, ಜಾತ್ರೆಯಲ್ಲಿ ನೀರು ಕೊಡುವುದು ಎಲ್ಲವೂ ಸೇರುತ್ತದೆ.

ಮನೆಯಲ್ಲಿ ಅಮ್ಮನಿಗೆ ಪಾತ್ರೆ ತೊಳೆದುಕೊಡುವುದು ಸೇರುತ್ತಾ ಅಂತ ಹುಡುಗರು ಕೇಳುತ್ತಾರೆ. ಇಲ್ಲಪ್ಪ. ಅದು ನಿಮ್ಮ ಮನೆ ಕೆಲಸ, ಸುಮ್ನೆ ಮಾಡಿ.

ನನ್ನ ಮಗಳಿಗೆ ಇದರಿಂದ ಏನು ಲಾಭ? ನೇರವಾಗಿ ಹೇಳಿಬಿಡಿ.

ಅವಳಿಗಾಗಿ ಕಾಯುವವರು ಒಬ್ಬರು ಸಿಗುತ್ತಾರೆ. ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡ ಲಾಭ ಇದೇ. ಹದಿನಾಲ್ಕು, ಹದಿನೈದು ವರ್ಷದ ಮಕ್ಕಳಿಗೆ ದಿನವಿಡೀ ಬೇರೆಯವರು ಹೇಳಿದ್ದನ್ನು ಕೇಳುವುದೇ ಕೆಲಸ. ಮನೆಯಲ್ಲಿ ಅಪ್ಪ-ಅಮ್ಮ, ಶಾಲೆಯಲ್ಲಿ ನಾವು, ಸಂಜೆ ಟ್ಯೂಷನ್. ಅದೇ ಹುಡುಗಿ ಶನಿವಾರ ಮಧ್ಯಾಹ್ನ ಊರಿನ ಲೈಬ್ರರಿಗೆ ಕಾಲು ಗಂಟೆ ತಡವಾಗಿ ಹೋದರೆ ಎರಡನೇ ಕ್ಲಾಸಿನ ಪುಟಾಣಿ ಬಾಗಿಲಲ್ಲೇ ನಿಂತು "ಅಕ್ಕಾ, ಯಾಕೆ ಲೇಟು?" ಅಂತ ಕೇಳುತ್ತದೆ. ಮುಂದಿನ ವಾರ ಅವಳು ಲೇಟಾಗಿ ಹೋಗಲಿ ನೋಡೋಣ! ಶಿಸ್ತಿನ ಬಗ್ಗೆ ನಾವು ಪ್ರೇಯರ್‌ನಲ್ಲಿ ಮಾಡುವ ಭಾಷಣಕ್ಕೆ ಆ ಶಕ್ತಿ ಇಲ್ಲ.

ಎರಡನೆಯದು ಮಾತು. ನಮ್ಮ ಎಷ್ಟೋ ಮಕ್ಕಳಿಗೆ ಗೊತ್ತಿಲ್ಲದ ದೊಡ್ಡವರ ಹತ್ತಿರ ನಾಲ್ಕು ವಾಕ್ಯ ಮಾತಾಡಲು ಬರುವುದಿಲ್ಲ. ಮೆಸೇಜ್ ಮಾಡುತ್ತಾರೆ, ಎದುರಿಗೆ ನಿಂತರೆ ನೆಲ ನೋಡುತ್ತಾರೆ. ಸರದಿಯಲ್ಲಿ ನಿಂತ ತಾತನಿಗೆ "ಈ ಕಡೆ ಕೂತ್ಕೊಳ್ಳಿ ತಾತ, ನಿಮ್ಮ ಸರದಿ ಬಂದಾಗ ಕರೀತೀನಿ" ಅನ್ನುವುದನ್ನು ಪಾಠ ಮಾಡಿ ಕಲಿಸಲು ಆಗುವುದಿಲ್ಲ.

ಮೂರನೆಯದು ಓದಿಗೇ ಸಂಬಂಧಪಟ್ಟದ್ದು. ಐದನೇ ಕ್ಲಾಸಿನವನಿಗೆ ಭಿನ್ನರಾಶಿ ಹೇಳಿಕೊಡಲು ಕೂತಾಗ ಒಂಬತ್ತನೇ ಕ್ಲಾಸಿನವಳಿಗೆ ತನಗೇ ಅದು ಸರಿಯಾಗಿ ಗೊತ್ತಿಲ್ಲ ಅಂತ ಗೊತ್ತಾಗುತ್ತದೆ. ಮನೆಗೆ ಬಂದು ಪುಸ್ತಕ ತೆಗೆಯುತ್ತಾಳೆ. ಯಾರೂ ಹೇಳಬೇಕಾಗಿಲ್ಲ.

ತನಗೆ ಯಾವ ಕೆಲಸ ಆಗಿಬರುವುದಿಲ್ಲ ಅನ್ನುವುದೂ ತಿಳಿಯುತ್ತದೆ. ಡಾಕ್ಟರ್ ಆಗುತ್ತೇನೆ ಅನ್ನುತ್ತಿದ್ದ ಮಕ್ಕಳು ಆರೋಗ್ಯ ಶಿಬಿರದಲ್ಲಿ ಒಂದು ದಿನ ಇದ್ದು ಮನಸ್ಸು ಬದಲಾಯಿಸಿದ್ದಿದೆ, ಅಲ್ಲೇ ಮನಸ್ಸು ಗಟ್ಟಿ ಮಾಡಿಕೊಂಡವರೂ ಇದ್ದಾರೆ. ಲಕ್ಷಗಟ್ಟಲೆ ಫೀಸು ಕಟ್ಟುವ ಮೊದಲೇ ಇದು ಗೊತ್ತಾದರೆ ಒಳ್ಳೆಯದಲ್ವಾ?

ಆರೋಗ್ಯಕ್ಕೂ ಒಳ್ಳೆಯದು ಅಂತ ಎಲ್ಲೋ ಓದಿದೆ. ನಿಜವಾ?

ಒಂದು ಅಧ್ಯಯನದ ವಿಷಯ ಹೇಳುತ್ತೇನೆ. 2013ರಲ್ಲಿ ಪ್ರಕಟವಾದದ್ದು, ನಡೆದದ್ದು ಕೆನಡಾದಲ್ಲಿ. ಹತ್ತನೇ ಕ್ಲಾಸಿನ 106 ಮಕ್ಕಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿನವರು ಸುಮಾರು ಎರಡು ತಿಂಗಳು, ವಾರಕ್ಕೊಮ್ಮೆ, ಪ್ರಾಥಮಿಕ ಶಾಲೆಯ ಮಕ್ಕಳ ಜೊತೆ ಕೆಲಸ ಮಾಡಿದರು. ಇನ್ನೊಂದು ಗುಂಪಿನ ಸರದಿ ಆಮೇಲೆ. ಕೊನೆಯಲ್ಲಿ ಪರೀಕ್ಷೆ ಮಾಡಿದರೆ ಕೆಲಸ ಮಾಡಿದವರ ಕೊಲೆಸ್ಟ್ರಾಲ್, ಮೈತೂಕದ ಅಳತೆ, ರಕ್ತದಲ್ಲಿ ಉರಿಯೂತ ತೋರಿಸುವ ಅಂಶ ಮೂರೂ ಇನ್ನೊಂದು ಗುಂಪಿಗಿಂತ ಕಡಿಮೆ ಇದ್ದವು. ಬೇರೆಯವರ ಕಷ್ಟ ಅರ್ಥ ಮಾಡಿಕೊಳ್ಳುವ ಗುಣ ಯಾರಲ್ಲಿ ಜಾಸ್ತಿ ಬೆಳೆದಿತ್ತೋ ಅವರಲ್ಲಿ ಈ ಬದಲಾವಣೆಯೂ ಜಾಸ್ತಿ.

ಸಣ್ಣ ಅಧ್ಯಯನ. ಅದನ್ನೇ ವೇದವಾಕ್ಯ ಮಾಡಿಕೊಂಡು ತೂಕ ಇಳಿಸಲು ಮಗನನ್ನು ಕಳಿಸಬೇಡಿ. ಆದರೆ ಒಂದು ಮಾತು ಗಮನಿಸಿ: ವಾರವಾರವೂ ಅದೇ ಮಕ್ಕಳ ಹತ್ತಿರ ಹೋಗುತ್ತಿದ್ದರು. ಒಂದು ದಿನ ಹೋಗಿ ಟೋಪಿ ಹಾಕಿಕೊಂಡು ಫೋಟೋ ತೆಗೆಸಿಕೊಂಡು ಬಂದವರ ಕಥೆ ಅಲ್ಲ ಇದು.

ಓದು ಹಾಳಾಗಲ್ವಾ ಸರ್?

ವಾರಕ್ಕೆ ಎರಡು ಗಂಟೆಯಿಂದ ಓದು ಹಾಳಾಗುವುದಿಲ್ಲ. ಎಸ್ಸೆಸ್ಸೆಲ್ಸಿ, ದ್ವಿತೀಯ ಪಿಯು ಮಕ್ಕಳನ್ನು ಡಿಸೆಂಬರ್ ಆದ ಮೇಲೆ ನಾವೇ ಕರೆಯುವುದಿಲ್ಲ, ಪರೀಕ್ಷೆ ಮುಗಿಸಿ ಬರಲಿ. ತೊಂದರೆ ಆಗುವುದು ಇಲ್ಲ ಅನ್ನಲು ಬಾರದ ಮಕ್ಕಳಿಗೆ. ಶಾಲೆಯಲ್ಲಿ ಯಾವ ಕಾರ್ಯಕ್ರಮ ಆದರೂ ಕುರ್ಚಿ ಹಾಕಲು ಅವರೇ, ಸ್ವಾಗತಕ್ಕೂ ಅವರೇ. ಅಂಥ ಮಗು ನಿಮ್ಮದಾಗಿದ್ದರೆ ಒಂದೇ ಒಂದು ಕೆಲಸ ಆರಿಸಿಕೊಳ್ಳಲು ಹೇಳಿ, ಉಳಿದದ್ದು ಬಿಡಿಸಿ.

ಎಷ್ಟನೇ ವಯಸ್ಸಿನಿಂದ ಶುರು ಮಾಡಬಹುದು? ಎಲ್ಲಿ ಸೇರಬೇಕು?

ನಿಮ್ಮ ಶಾಲೆಯಲ್ಲೇ ಮೊದಲು ವಿಚಾರಿಸಿ. ಸ್ಕೌಟ್ಸ್ ಮತ್ತು ಗೈಡ್ಸ್‌ಗೆ ಹತ್ತು ವರ್ಷದಿಂದ ಸೇರಬಹುದು, ಅದಕ್ಕಿಂತ ಚಿಕ್ಕವರಿಗೆ ಕಬ್ಸ್, ಬುಲ್‌ಬುಲ್ಸ್ ಇದೆ. ಎನ್‌ಸಿಸಿಯಲ್ಲಿ ಹೈಸ್ಕೂಲಿಗೆ ಜೂನಿಯರ್ ವಿಭಾಗ, ಕಾಲೇಜಿಗೆ ಸೀನಿಯರ್ ವಿಭಾಗ. ಪಿಯುಸಿಗೆ ಬಂದರೆ ರಾಷ್ಟ್ರೀಯ ಸೇವಾ ಯೋಜನೆ, ಅಂದರೆ ಎನ್‌ಎಸ್‌ಎಸ್. ಇದು ಗಾಂಧೀಜಿಯವರ ಜನ್ಮ ಶತಮಾನೋತ್ಸವದ ವರ್ಷ, 1969ರ ಸೆಪ್ಟೆಂಬರ್ 24ರಂದು ಶುರುವಾದದ್ದು. ಎರಡು ವರ್ಷಕ್ಕೆ 240 ಗಂಟೆ ಸೇವೆ, ಜೊತೆಗೆ ಯಾವುದಾದರೂ ಹಳ್ಳಿಯಲ್ಲಿ ಏಳು ದಿನದ ವಿಶೇಷ ಶಿಬಿರ. ಶಿಬಿರದಲ್ಲಿ ಅಡುಗೆ ಸರದಿ ಬಂದಾಗ ಅನ್ನ ಬಸಿಯಲು ಕಲಿತವರು ಎಷ್ಟೋ ಜನ. ಶಾಲೆ, ಕಾಲೇಜಿನ ಆಚೆ ಹುಡುಕುವವರಿಗೆ ಯುವಕರನ್ನು ಸೇವೆಯ ಕೆಲಸಕ್ಕೆ ಜೋಡಿಸುವ ಕೇಂದ್ರ ಸರ್ಕಾರದ ವೇದಿಕೆ 'ಮೈ ಭಾರತ್' ಇದೆ, 2023ರಲ್ಲಿ ಬಂದದ್ದು, 15ರಿಂದ 29 ವರ್ಷದವರಿಗೆ.

ಇದ್ಯಾವುದೂ ನಿಮ್ಮ ಶಾಲೆಯಲ್ಲಿ ಇಲ್ಲದಿದ್ದರೆ ಮುಂದೆ ಹಳ್ಳಿಯವರ ಪ್ರಶ್ನೆಗೆ ಕೊಟ್ಟ ಉತ್ತರ ನೋಡಿ.

ಸರ್ಟಿಫಿಕೇಟ್ ಸಿಗುತ್ತಾ? ಸಿಇಟಿಗೆ ಏನಾದ್ರೂ ಉಪಯೋಗ?

ಈ ಪ್ರಶ್ನೆ ಬರದ ವರ್ಷ ಇಲ್ಲ. ಎನ್‌ಸಿಸಿಯಲ್ಲಿ ಜೂನಿಯರ್‌ನವರಿಗೆ 'ಎ', ಸೀನಿಯರ್‌ನವರಿಗೆ 'ಬಿ' ಮತ್ತು 'ಸಿ' ಸರ್ಟಿಫಿಕೇಟ್ ಇದೆ. ಸ್ಕೌಟ್ಸ್, ಗೈಡ್ಸ್‌ನಲ್ಲಿ ರಾಜ್ಯ ಪುರಸ್ಕಾರ, ಅದರ ಮೇಲೆ ರಾಷ್ಟ್ರಪತಿ ಪುರಸ್ಕಾರ. ಸಿಇಟಿ ಸೀಟು ಹಂಚಿಕೆಯಲ್ಲಿ ಈ ಎರಡಕ್ಕೂ ವಿಶೇಷ ವರ್ಗ ಇದೆ. ಆದರೆ ಅಲ್ಲಿರುವ ಸೀಟು ಬೆರಳೆಣಿಕೆಯಷ್ಟು, ಕೇಳುವ ದಾಖಲೆಯ ಮಟ್ಟವೂ ಜಾಸ್ತಿ. ಬರೀ ಸೀಟಿಗೋಸ್ಕರ ಸೇರಿದ ಮಕ್ಕಳು ಎರಡನೇ ತಿಂಗಳಿಗೇ ಬರುವುದು ಬಿಡುತ್ತಾರೆ. ಲೈಬ್ರರಿಯಲ್ಲಿ ಕಥೆ ಓದಿದ್ದಕ್ಕೆ ಸರ್ಟಿಫಿಕೇಟ್ ಇಲ್ಲ. ಬೇಕು ಅನ್ನುವವರಿಗೆ ಎಷ್ಟು ಗಂಟೆ, ಏನು ಕೆಲಸ ಅಂತ ಒಂದು ಪತ್ರ ಬರೆದುಕೊಡುತ್ತೇವೆ. ಬರದ ದಿನವನ್ನೂ ಬಂದ ಹಾಗೆ ಬರೆದುಕೊಡಿ ಅಂತ ದಯವಿಟ್ಟು ಕೇಳಬೇಡಿ.

ಪರೀಕ್ಷೆಯಲ್ಲಿ ಬೇರೆಯವರಿಗೆ ಬರೆದುಕೊಡೋಕೆ ಮಕ್ಕಳನ್ನ ಕರೀತಾರಂತೆ. ಅದು ಕಾಪಿ ಹೊಡೆದ ಹಾಗಲ್ವಾ?

ಅಲ್ಲ. ಕಣ್ಣು ಕಾಣದವರು, ಕೈಯಲ್ಲಿ ಪೆನ್ನು ಹಿಡಿಯಲು ಆಗದವರು ಉತ್ತರ ಹೇಳುತ್ತಾರೆ, ಪಕ್ಕದಲ್ಲಿ ಕೂತವರು ಬರೆಯುತ್ತಾರೆ. ಅನುಮತಿ ಪಡೆದೇ ಮಾಡುವ ಕೆಲಸ. ಹೀಗೆ ಬರೆಯುವವರನ್ನು ಸ್ಕ್ರೈಬ್ ಅನ್ನುತ್ತಾರೆ. ಸಾಮಾನ್ಯವಾಗಿ ಸ್ಕ್ರೈಬ್ ಆಗುವವರು ಕೆಳಗಿನ ತರಗತಿಯವರೇ ಆಗಿರಬೇಕು. ಹಾಗಾಗಿ ಎಸ್ಸೆಸ್ಸೆಲ್ಸಿ ಬರೆಯುವವರಿಗೆ ಒಂಬತ್ತನೇ ಕ್ಲಾಸಿನವರು ಬೇಕಾಗುತ್ತಾರೆ. ಈ ಕೆಲಸ ದೊಡ್ಡವರು ಮಾಡಲು ಬರುವುದಿಲ್ಲ, ನಿಮ್ಮ ವಯಸ್ಸಿನವರೇ ಬೇಕು. ಅದಕ್ಕೇ ಇದರ ಬಗ್ಗೆ ಸ್ವಲ್ಪ ಉದ್ದ ಬರೆಯುತ್ತೇನೆ.

ಕೂತು ಬರೆಯುವುದು ತಾನೇ, ಸುಲಭ ಅನ್ನಿಸುತ್ತದೆ. ಅಲ್ಲ. ಪ್ರಶ್ನೆಯನ್ನು ನಿಧಾನವಾಗಿ ಎರಡು ಸಲ ಓದಬೇಕು, ಎಷ್ಟು ಅಂಕ ಅಂತ ಹೇಳಬೇಕು. ಚಿತ್ರ ಇದ್ದರೆ ಅದರಲ್ಲಿ ಏನಿದೆ ಅಂತ ವಿವರಿಸಬೇಕು, ಆದರೆ ಉತ್ತರದ ಸುಳಿವು ಬಾಯಿಂದ ಜಾರಬಾರದು. ಗಣಿತದಲ್ಲಿ 'ಎಕ್ಸ್ ಪ್ಲಸ್ ಎರಡು, ಇಡಿಯಾಗಿ ಸ್ಕ್ವೇರ್' ಅಂದರೆ ಕಂಸ ಎಲ್ಲಿ ಅಂತ ಕೇಳಿ ಬರೆಯಬೇಕು. ಬರೆದದ್ದನ್ನು ಓದಿ ಹೇಳಬೇಕು. ಎಲ್ಲಕ್ಕಿಂತ ಕಷ್ಟ ಏನು ಗೊತ್ತಾ? ಅವರು ಹೇಳಿದ ಉತ್ತರ ತಪ್ಪು ಅಂತ ನಿಮಗೆ ಚೆನ್ನಾಗಿ ಗೊತ್ತಿರುತ್ತದೆ. ಆದರೂ ಹೇಳಿದ ಹಾಗೇ ಬರೆಯಬೇಕು. ಹುಬ್ಬು ಕೂಡ ಏರಿಸುವಂತಿಲ್ಲ, ದನಿ ಬದಲಾಗುವಂತಿಲ್ಲ. ಪರೀಕ್ಷೆ ಅವರದು.

ಸಮಯವೂ ಜಾಸ್ತಿ ಹಿಡಿಯುತ್ತದೆ. ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿಯಲ್ಲಿ ಇಂಥ ಪರೀಕ್ಷಾರ್ಥಿಗಳಿಗೆ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚು ಕೊಡಬೇಕು ಅಂತಿದೆ. ಮೂರು ಗಂಟೆಯ ಪರೀಕ್ಷೆಗೆ ನಾಲ್ಕು ಗಂಟೆ ಕೂರಲು ತಯಾರಾಗಿ ಹೋಗಿ. ಮೊದಲೇ ಒಂದೆರಡು ಸಲ ಆ ಅಣ್ಣನ ಅಥವಾ ಅಕ್ಕನ ಜೊತೆ ಕೂತು ಹಳೇ ಪ್ರಶ್ನೆಪತ್ರಿಕೆ ಬರೆದು ನೋಡಿ. ಅವರ ವೇಗ ನಿಮಗೆ, ನಿಮ್ಮ ದನಿ ಅವರಿಗೆ ಅಭ್ಯಾಸ ಆಗಬೇಕು.

ಇನ್ನೊಂದು ಮಾತು. ಒಪ್ಪಿಕೊಂಡ ಮೇಲೆ ಪರೀಕ್ಷೆಯ ಬೆಳಿಗ್ಗೆ ಕೈಕೊಡಬಾರದು. ಬೇರೆ ಸೇವೆಗೆ ಒಂದು ದಿನ ತಪ್ಪಿಸಿಕೊಂಡರೆ ನಡೆಯುತ್ತದೆ, ಇದಕ್ಕೆ ನಡೆಯುವುದಿಲ್ಲ.

ಹಾಸನಾಂಬೆ ದರ್ಶನದ ಸಮಯದಲ್ಲಿ ಮಕ್ಕಳು ಕೆಲಸ ಮಾಡಬಹುದಾ?

ಮಾಡಬಹುದು, ಆದರೆ ಶಾಲೆಯ ಸ್ಕೌಟ್ಸ್, ಗೈಡ್ಸ್ ಅಥವಾ ಎನ್‌ಎಸ್‌ಎಸ್ ತಂಡದ ಜೊತೆ, ಮೇಷ್ಟ್ರು ಇದ್ದಾಗ ಮಾತ್ರ. ದೇವಿಯ ಬಾಗಿಲು ತೆಗೆಯುವುದು ವರ್ಷಕ್ಕೊಮ್ಮೆ, ಆಶ್ವಯುಜ ಹುಣ್ಣಿಮೆ ಕಳೆದು ಬರುವ ಮೊದಲ ಗುರುವಾರ. ಬಲಿಪಾಡ್ಯಮಿ ಆದ ಮೇಲೆ ಮುಚ್ಚುತ್ತಾರೆ. ಆ ದಿನಗಳಲ್ಲಿ ಎಲ್ಲೆಲ್ಲಿಂದಲೋ ಜನ ಬರುತ್ತಾರೆ, ಸರದಿ ಗಂಟೆಗಟ್ಟಲೆ. ಮಕ್ಕಳಿಗೆ ಹೊಂದುವ ಕೆಲಸ ನೀರು ಕೊಡುವುದು, ವಯಸ್ಸಾದವರನ್ನು ಕೂರಿಸುವುದು, ಶೌಚಾಲಯ ಎಲ್ಲಿ, ಚಪ್ಪಲಿ ಎಲ್ಲಿ ಬಿಡಬೇಕು ಅಂತ ಹೇಳುವುದು, ತಪ್ಪಿಸಿಕೊಂಡ ಮಗುವನ್ನು ವಿಚಾರಣೆ ಜಾಗಕ್ಕೆ ಕರೆದೊಯ್ಯುವುದು. ನೂಕುನುಗ್ಗಲು ತಡೆಯುವುದು ಪೊಲೀಸರ ಕೆಲಸ. ಬ್ಯಾರಿಕೇಡ್ ಹಿಡಿದು ನಿಲ್ಲು ಅಂತ ಯಾರೇ ಹೇಳಿದರೂ ಆಗಲ್ಲ ಅನ್ನಿ. ನೆಂಟರನ್ನು ಬೇರೆ ಬಾಗಿಲಿನಿಂದ ಒಳಗೆ ಬಿಡಿಸುವುದು ಸೇವೆಯಲ್ಲಿ ಸೇರುವುದಿಲ್ಲ, ಅದನ್ನೂ ಹೇಳಿಬಿಡುತ್ತೇನೆ.

ಬೇಲೂರು, ಹಳೇಬೀಡಿನಲ್ಲಿ ದೇವಸ್ಥಾನ ಸ್ವಚ್ಛ ಮಾಡೋಣ ಅಂತಿದ್ದೇವೆ.

ಉತ್ಸಾಹ ಒಳ್ಳೆಯದು. ಆದರೆ ಆವರಣದ ಒಳಗೆ ಏನೇ ಮಾಡಬೇಕಾದರೂ ಪುರಾತತ್ವ ಇಲಾಖೆಯ ಒಪ್ಪಿಗೆ ಬೇಕು. 2023ರ ಸೆಪ್ಟೆಂಬರ್‌ನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇವಾಲಯಗಳು ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿವೆ. ಅಲ್ಲಿರುವುದು ಬಳಪದ ಕಲ್ಲು, ಮೆದು. ಬ್ರಷ್, ಸೋಪು ಹಿಡಿದು ಮೂರ್ತಿ ಉಜ್ಜಲು ಹೋದರೆ ಒಂಬೈನೂರು ವರ್ಷ ಉಳಿದ ಗೆರೆ ನಿಮ್ಮ ಕೈಯಲ್ಲಿ ಸವೆಯುತ್ತದೆ. ಹೊರಗಿನ ರಸ್ತೆ, ಬಸ್ ನಿಲ್ದಾಣ, ಕೆರೆ ದಡದಲ್ಲಿ ಬೇಕಾದಷ್ಟು ಪ್ಲಾಸ್ಟಿಕ್ ಇದೆ. ಅದನ್ನು ಆರಿಸಿ. ಕೈಗವಸು ಹಾಕಿಕೊಳ್ಳಿ, ಒಡೆದ ಗಾಜು ಮುಟ್ಟಬೇಡಿ.

ಗಿಡ ನೆಡೋದು ತಪ್ಪಾ? ನೀವು ಯಾಕೋ ಅದರ ಬಗ್ಗೆ ಬೇಸರದಲ್ಲಿ ಮಾತಾಡ್ತೀರಿ.

ತಪ್ಪಲ್ಲ. ನೆಟ್ಟು ಮರೆಯುವುದು ತಪ್ಪು. 1950ರಿಂದ ಪ್ರತಿ ಜುಲೈನಲ್ಲೂ ವನಮಹೋತ್ಸವ ನಡೆಯುತ್ತಿದೆ. ಒಂದು ಸಸಿಗೆ ಹತ್ತು ಕೈ ಹಚ್ಚಿ ಫೋಟೋ ತೆಗೆಸಿಕೊಂಡವರಲ್ಲಿ ಮುಂದಿನ ಮಾರ್ಚ್‌ನಲ್ಲಿ ಒಂದು ಬಿಂದಿಗೆ ನೀರು ಹೊರುವವರು ಯಾರೂ ಇರುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ಅರಸೀಕೆರೆ ಕಡೆ ಒಣ ನೆಲ, ಸಕಲೇಶಪುರ ಕಡೆ ಜಡಿಮಳೆ. ಎರಡು ಕಡೆಗೂ ಒಂದೇ ಲಾರಿಯ ಸಸಿ ಹಂಚಿದರೆ ಹೇಗೆ? ಕಡಿಮೆ ನೆಡಿ, ಊರಿನ ಹಿರಿಯರನ್ನು ಕೇಳಿ ಹೊಂಗೆಯೋ ನೇರಳೆಯೋ ಆರಿಸಿ, ಎರಡು ಬೇಸಿಗೆ ನೀರು ಹಾಕುವ ಪಾಳಿ ಬರೆದುಕೊಂಡೇ ನೆಡಿ.

ಪಕ್ಕದ ಚಿಕ್ಕಮಗಳೂರಿನ ಮುಳ್ಳಯ್ಯನಗಿರಿ ಕಡೆ ಹೋದಾಗ ಬೆಟ್ಟ ಬೋಳಾಗಿದೆ ಅಂತ ಬೀಜದುಂಡೆ ಎಸೆಯುವವರಿದ್ದಾರೆ. ಅದು ಬೋಳು ಬೆಟ್ಟ ಅಲ್ಲ, ಹುಲ್ಲುಗಾವಲು. ಮಳೆನೀರು ಹಿಡಿದಿಡುವುದೇ ಆ ಹುಲ್ಲು, ಕಣಿವೆಯ ಶೋಲಾ ಕಾಡು. ಅಲ್ಲಿ ಏನನ್ನೂ ಎಸೆಯಬೇಡಿ. ತಿಂದ ಚಿಪ್ಸ್ ಪ್ಯಾಕೆಟ್ ವಾಪಸ್ ತಂದರೆ ಸಾಕು.

ನಾವು ಹಳ್ಳಿಯಲ್ಲಿದ್ದೇವೆ. ಸಂಜೆ ಆದ್ರೆ ಬಸ್ಸಿಲ್ಲ. ಏನು ಮಾಡಬಹುದು?

ಹಾಸನಕ್ಕೆ ಬರಬೇಕಾಗಿಯೇ ಇಲ್ಲ. ಗ್ರಾಮ ಪಂಚಾಯಿತಿ ಲೈಬ್ರರಿ, ಈಗ ಅರಿವು ಕೇಂದ್ರ ಅನ್ನುತ್ತಾರೆ, ಅಲ್ಲಿಗೆ ಹೋಗಿ. 2020ರಲ್ಲಿ ಶುರುವಾದ 'ಓದುವ ಬೆಳಕು' ಕಾರ್ಯಕ್ರಮದಿಂದ 6ರಿಂದ 18 ವರ್ಷದವರಿಗೆ ಅಲ್ಲಿ ಉಚಿತ ಸದಸ್ಯತ್ವ ಇದೆ. ಲೈಬ್ರರಿಯವರನ್ನು ಕೇಳಿ ವಾರಕ್ಕೊಂದು ದಿನ ಚಿಕ್ಕವರಿಗೆ ಓದಿಸಿ. ಒತ್ತಕ್ಷರ ಬಂದಲ್ಲಿ ಎಡವುತ್ತಾರೆ. 'ಸೂರ್ಯ'ದ ಹತ್ತಿರ ನಿಂತುಬಿಡುತ್ತಾರೆ. ತಕ್ಷಣ ಹೇಳಿಕೊಡಬೇಡಿ, ಬೆರಳಿಟ್ಟು ಕಾಯಿರಿ, ಅವರೇ ಬಿಡಿಸಲಿ.

ಊರಿನ ಹಿರಿಯರಿಗೆ ಫೋನ್ ಬಳಸಲು ಕಲಿಸುವುದೂ ಒಳ್ಳೆಯ ಕೆಲಸ. ಅಕ್ಷರ ದೊಡ್ಡದು ಮಾಡುವುದು, ಬಸ್ಸಿನ ಸಮಯ ನೋಡುವುದು, ದೂರದ ಮಗಳಿಗೆ ವಿಡಿಯೋ ಕಾಲ್ ಮಾಡುವುದು. ಒಂದು ಕಟ್ಟುನಿಟ್ಟು: ಒಟಿಪಿ, ಪಿನ್, ಬ್ಯಾಂಕ್ ಆಪ್ ನೀವು ಮುಟ್ಟಬಾರದು. "ನೀನೇ ಒತ್ತು ಮಗ" ಅಂತ ಅಜ್ಜಿ ಹೇಳಿದರೂ ಬೇಡ. ನಾಳೆ ನೂರು ರೂಪಾಯಿ ಹೆಚ್ಚುಕಮ್ಮಿ ಆದರೆ ಊರಿಗೆಲ್ಲ ನಿಮ್ಮ ಹೆಸರೇ.

ಹಕ್ಕಿ ಇಷ್ಟವಾದರೆ ಫೆಬ್ರವರಿ ಮಧ್ಯದಲ್ಲಿ ನಾಲ್ಕು ದಿನ ದೇಶದೆಲ್ಲೆಡೆ ಹಕ್ಕಿ ಎಣಿಕೆ ನಡೆಯುತ್ತದೆ. ಒಂದು ಜಾಗದಲ್ಲಿ ಕನಿಷ್ಠ 15 ನಿಮಿಷ ಕಂಡ ಹಕ್ಕಿಯನ್ನೆಲ್ಲ ಬರೆದು ಹಕ್ಕಿಗಳ ಲೆಕ್ಕ ಇಡುವ ವೆಬ್‌ಸೈಟ್ ಇ-ಬರ್ಡ್‌ಗೆ ಹಾಕುವುದು. ಊರ ಕೆರೆಯೇ ಸಾಕು, ಬೆಳ್ಳಕ್ಕಿ, ನೀರುಕಾಗೆ, ಮಿಂಚುಳ್ಳಿ ಇದ್ದೇ ಇರುತ್ತವೆ. ಕಂಪ್ಯೂಟರ್ ಇದ್ದವರು ಕನ್ನಡ ವಿಕಿಪೀಡಿಯದಲ್ಲಿ ತಮ್ಮ ಊರಿನ ಬಗ್ಗೆ ಬರೆಯಬಹುದು. 2003ರಿಂದ ಇದೆ, ಇನ್ನೂ ಎಷ್ಟೋ ಊರಿಗೆ ಅಲ್ಲಿ ಪುಟವೇ ಇಲ್ಲ.

ರಕ್ತದಾನ ಮಾಡಬಹುದಾ?

18 ತುಂಬಿರಬೇಕು, ತೂಕ ಕನಿಷ್ಠ 45 ಕೆಜಿ ಇರಬೇಕು. ಅಲ್ಲಿಯವರೆಗೆ ಶಿಬಿರದಲ್ಲಿ ಹೆಸರು ಬರೆದುಕೊಳ್ಳಿ, ರಕ್ತ ಕೊಟ್ಟವರಿಗೆ ಜ್ಯೂಸ್, ಬಿಸ್ಕತ್ತು ಕೊಟ್ಟು ಹತ್ತು ನಿಮಿಷ ಏಳದ ಹಾಗೆ ನೋಡಿಕೊಳ್ಳಿ. ವಯಸ್ಸು ಸುಳ್ಳು ಹೇಳಬೇಡಿ.

ಆನೆ ಕಾಟ, ಮಳೆಗಾಲದ ಭೂಕುಸಿತ. ಇಂಥ ಸಮಯದಲ್ಲಿ ಸಹಾಯಕ್ಕೆ ಹೋಗಬಹುದಾ?

ಜಾಗಕ್ಕೆ ಹೋಗಬೇಡಿ. ಆಲೂರು, ಸಕಲೇಶಪುರ, ಬೇಲೂರು ಕಡೆಯ ಮಕ್ಕಳಿಗೆ ಆನೆ ಹೊಸದಲ್ಲ, ಅದಕ್ಕೇ ಧೈರ್ಯ ಸ್ವಲ್ಪ ಜಾಸ್ತಿ. ಮೊಬೈಲ್ ಹಿಡಿದು ಹಿಂದೆ ಓಡುವುದು ಸೇವೆ ಅಲ್ಲ. ಮಣ್ಣು ಕುಸಿದ ಕಡೆಗೂ ಅಷ್ಟೇ. ನಿಮ್ಮ ಕೆಲಸ ಊರಿನ ಸುರಕ್ಷಿತ ಜಾಗದಲ್ಲಿ ಬೇಕಾದಷ್ಟಿರುತ್ತದೆ. ಪರಿಹಾರಕ್ಕೆ ಬಂದ ಬಟ್ಟೆ ರಾಶಿಯಲ್ಲಿ ಹರಿದ ಸೀರೆ, ಒಂಟಿ ಕಾಲುಚೀಲ ಎಲ್ಲ ಇರುತ್ತದೆ, ಬೇಸರ ಬರುತ್ತದೆ. ಅದನ್ನು ಬೇರೆ ಮಾಡಿ, ಅಳತೆ ನೋಡಿ ಮಡಿಸಿ, ಒಳಗೇನಿದೆ ಅಂತ ಚೀಲದ ಮೇಲೆ ದಪ್ಪಕ್ಷರದಲ್ಲಿ ಬರೆಯುವವರು ಬೇಕೇ ಬೇಕು.

ಮಗಳನ್ನ ಕಳಿಸೋಕೆ ಭಯ ಆಗುತ್ತೆ.

ಭಯ ಪಡುವುದರಲ್ಲಿ ತಪ್ಪೇನಿಲ್ಲ. ಮಗನನ್ನು ಕಳಿಸುವಾಗಲೂ ಇವೇ ಪ್ರಶ್ನೆ ಕೇಳಿ. ಜವಾಬ್ದಾರಿಯ ದೊಡ್ಡವರು ಇಬ್ಬರಾದರೂ ಇರುತ್ತಾರಾ? ಅವರಲ್ಲಿ ಹೆಂಗಸರು ಇದ್ದಾರಾ? ಮಗು ಯಾರದಾದರೂ ಮನೆಯೊಳಗೆ ಒಬ್ಬಳೇ ಹೋಗಬೇಕಾಗುತ್ತದಾ? ಶೌಚಾಲಯ ಇದೆಯಾ? ಎಷ್ಟು ಗಂಟೆಗೆ ವಾಪಸ್? ಮೊದಲ ದಿನ ನೀವೂ ಜೊತೆಗೆ ಬನ್ನಿ. ಬರಬೇಡಿ ಅನ್ನುವ ಜಾಗಕ್ಕೆ ಮಗುವನ್ನೂ ಕಳಿಸಬೇಡಿ. "ಇದು ನಮ್ಮಿಬ್ಬರಲ್ಲೇ ಇರಲಿ" ಅಂತ ಯಾವ ದೊಡ್ಡವರಾದರೂ ಹೇಳಿದರೆ ಅವತ್ತೇ ಮನೆಯಲ್ಲಿ ಹೇಳಬೇಕು ಅಂತ ಮಕ್ಕಳಿಗೆ ತಿಳಿಸಿ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ 2012ರ ಪೋಕ್ಸೋ ಕಾಯ್ದೆ 18ರ ಒಳಗಿನ ಹುಡುಗರಿಗೂ ಹುಡುಗಿಯರಿಗೂ ಒಂದೇ. ಮಕ್ಕಳ ಸಹಾಯವಾಣಿ 1098, ಫೋನಿನಲ್ಲಿ ಹಾಕಿಕೊಡಿ.

ಸೇವೆ ಅಂತ ಹೇಳಿ ಬಿಟ್ಟಿ ಕೆಲಸ ಮಾಡಿಸ್ಕೊಳ್ತಾರೆ ಅಲ್ವಾ?

ಅಂಥವರೂ ಇದ್ದಾರೆ. ಅಂಗಡಿಯ ಉದ್ಘಾಟನೆಯಲ್ಲಿ ಕರಪತ್ರ ಹಂಚುವುದು, ಕಲ್ಯಾಣ ಮಂಟಪದಲ್ಲಿ ಬಡಿಸುವುದು, ರಾಜಕೀಯ ಸಭೆಗೆ ಜನ ತುಂಬಿಸುವುದು ಇವು ಸೇವೆ ಅಲ್ಲವೇ ಅಲ್ಲ. ನೀವು ಬರದಿದ್ದರೆ ಅವರು ದುಡ್ಡು ಕೊಟ್ಟು ಆಳು ಕರೆಸುತ್ತಿದ್ದರಾ, ಅದರಿಂದ ಯಾರಿಗೆ ಲಾಭ ಅಂತ ಯೋಚಿಸಿ. 14ರ ಒಳಗಿನವರನ್ನು ಕೆಲಸಕ್ಕೆ ಇಟ್ಟುಕೊಳ್ಳುವಂತಿಲ್ಲ, 14ರಿಂದ 18ರವರನ್ನು ಅಪಾಯದ ಕೆಲಸಕ್ಕೆ ಹಚ್ಚುವಂತಿಲ್ಲ ಅಂತ ಕಾನೂನೇ ಇದೆ.

ನಾನು ತುಂಬಾ ನಾಚಿಕೆಯವನು. ನನ್ನಿಂದ ಆಗುತ್ತಾ?

ಆಗುತ್ತದೆ. ಎಲ್ಲರೂ ಮೈಕ್ ಹಿಡಿಯಬೇಕಾಗಿಲ್ಲ. ಪುಸ್ತಕಕ್ಕೆ ನಂಬರ್ ಹಾಕುವವರು, ರಿಜಿಸ್ಟರ್ ಬರೆಯುವವರು, ಹಕ್ಕಿ ಎಣಿಸುವವರು ಬೇಕು. ಮಾತು ಆಮೇಲೆ ತಾನಾಗಿ ಬರುತ್ತದೆ, ಬರದಿದ್ದರೂ ನಷ್ಟವಿಲ್ಲ.

ರೀಲ್ಸ್ ಮಾಡಿ ಹಾಕಬಹುದಾ?

ಕೆರೆಯದು, ಕಸದ ಚೀಲದ್ದು, ನಿಮ್ಮದು ಹಾಕಿ. ಸಹಾಯ ಪಡೆದವರ ಮುಖ ಬೇಡ. ಬ್ರೆಡ್ಡು ಕೊಡುವ ಫೋಟೋದಲ್ಲಿ ತೆಗೆದುಕೊಳ್ಳುವ ಕೈ ನಿಮ್ಮ ಅಜ್ಜಿಯದಾಗಿದ್ದರೆ ಹಾಕುತ್ತಿದ್ದಿರಾ?

ಮೂರು ವಾರಕ್ಕೇ ಬೇಜಾರಾಯ್ತು. ಬಿಡಬಹುದಾ?

ಬಿಡಬಹುದು, ಆದರೆ ಹೇಳಿ ಬಿಡಿ. ನಿಮಗಾಗಿ ಕಾಯುವ ಚಿಕ್ಕವರಿಗೂ ಹೇಳಿ. ಅದಕ್ಕೂ ಮೊದಲು ಬೇಜಾರು ಕೆಲಸದ್ದಾ, ಜೊತೆಗಿರುವವರದ್ದಾ ನೋಡಿಕೊಳ್ಳಿ. ಎರಡನೆಯದಾದರೆ ದಿನ ಬದಲಾಯಿಸಿದರೆ ಸರಿಹೋಗಬಹುದು. ಈ ಕೆಲಸದಲ್ಲಿ ಮಧ್ಯೆ ಬೇಜಾರು ಬಂದೇ ಬರುತ್ತದೆ. ನಮಗೂ ಬರುತ್ತದೆ.

ನಾವೇನಾದ್ರೂ ದುಡ್ಡು ಕಟ್ಟಬೇಕಾ?

ಇಲ್ಲ. ಸ್ಕೌಟ್ಸ್ ಸಮವಸ್ತ್ರದಂಥ ಖರ್ಚು ಬಿಟ್ಟರೆ ಬಸ್ ಚಾರ್ಜು, ನೀರಿನ ಬಾಟಲಿ, ಒಂದು ಡಬ್ಬಿ ತಿಂಡಿ, ಅಷ್ಟೇ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹುಡುಗಿಯರಿಗೆ ಕೆಎಸ್‌ಆರ್‌ಟಿಸಿಯ ಸಾಮಾನ್ಯ ಬಸ್ಸು ಉಚಿತ, ಗುರುತಿನ ಚೀಟಿ ಮರೆಯಬೇಡಿ. ಹುಡುಗರು ಟಿಕೆಟ್ ತಗೊಳ್ಳಬೇಕು. ಹೆಸರು ನೋಂದಾಯಿಸಲು ಶುಲ್ಕ ಕೊಡಿ, ಕೊಟ್ಟರೆ ಸರ್ಟಿಫಿಕೇಟ್ ಗ್ಯಾರಂಟಿ ಅಂತ ಯಾರಾದರೂ ಫೋನ್ ಮಾಡಿದರೆ ಇಟ್ಟುಬಿಡಿ.